ಆಡಬೇಡ ಅನ್ನಬೇಕಾದ ಡಾಕ್ಟರ್

ಪೆಟ್ಟಾಗಿ ಆಟ ಬಿಟ್ಟ ಮಕ್ಕಳು ಮುಂದೇನು ಓದಬೇಕು ಅಂತ ಸಲಹೆ ಕೇಳಲು ಈಚೆಗೆ ನನ್ನ ಹತ್ತಿರ ಜಾಸ್ತಿ ಬರುತ್ತಿದ್ದಾರೆ. ಎಲ್ಲರದ್ದೂ ಒಂದೇ ಆಸೆ, ಸ್ಪೋರ್ಟ್ಸ್ ಡಾಕ್ಟರ್ ಆಗಬೇಕು. ಅಂಥ ಒಬ್ಬಳ ವಿಷಯ ಇದು. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಹುಡುಗಿ ಕಬಡ್ಡಿ ರೈಡರ್. ಮಂಡಿಯೊಳಗಿನ ಎಸಿಎಲ್ ಅನ್ನುವ ಅಸ್ಥಿರಜ್ಜು ಹರಿದು ಆಪರೇಷನ್ ಆಗಿದೆ. ನೀಟ್‌ನಲ್ಲಿ ಸೀಟು ಸಿಕ್ಕಿಲ್ಲ. ಮತ್ತೊಂದು ವರ್ಷ ಕೋಚಿಂಗ್‌ಗೆ ಹಾಕೋದಾ ಅಂತ ಅಪ್ಪನ ಚಿಂತೆ.

ದಾರಿ ಉದ್ದ ಅಂತ ಮೊದಲೇ ಹೇಳಿದೆ. ಇಂಟರ್ನ್‌ಶಿಪ್ ಸೇರಿ ಎಂಬಿಬಿಎಸ್ ಐದೂವರೆ ವರ್ಷ. ಆಮೇಲೆ ನೀಟ್ ಪಿಜಿ ಬರೆದು 3 ವರ್ಷದ ಎಂಡಿ ಸ್ಪೋರ್ಟ್ಸ್ ಮೆಡಿಸಿನ್. ದೇಶದಲ್ಲೇ ಅದರ ಸೀಟು ಬಹಳ ಕಡಿಮೆ. ಎಲ್ಲದಕ್ಕೂ ತಲೆಯಾಡಿಸಿದಳು.

ಎರಡನೇ ಸಲ ಬಂದಾಗ ಕೇಳಿದೆ: "ಫೈನಲ್ ನಡೀತಿದೆ. ನಿಮ್ಮ ರೈಡರ್ ತಲೆಗೆ ಏಟು ಬಿದ್ದು ಮಂಕಾಗಿದ್ದಾಳೆ. ಏನೂ ಆಗಿಲ್ಲ, ಆಡ್ತೀನಿ ಅಂತಾಳೆ. ಕೋಚೂ ಆಡಿಸಿ ಅಂತಾರೆ. ನೀನು ಡಾಕ್ಟರ್. ಏನ್ ಮಾಡ್ತೀಯ?"

"ಆಡಿಸ್ತೀನಿ ಮೇಡಂ. ಅವಳ ಸಂಕಟ ನಂಗೊತ್ತು."

ಕನ್‌ಕಷನ್, ಅಂದರೆ ಏಟಿಗೆ ಮಿದುಳು ಅಲುಗಿ ಪೆಟ್ಟಾದ ಅನುಮಾನ ಬಂದರೆ ಆ ದಿನ ಮತ್ತೆ ಕಣಕ್ಕಿಳಿಸುವಂತಿಲ್ಲ ಅಂತ ವಿವರಿಸಿದೆ. ಮಿದುಳು ಸುಧಾರಿಸುವ ಮುಂಚೆ ಇನ್ನೊಂದು ಏಟು ಬಿದ್ದರೆ ಜೀವಕ್ಕೇ ಕುತ್ತು ಬರಬಹುದು. ನೆಗಡಿ ಮಾತ್ರೆ ಕೊಡುವಾಗಲೂ ಎಚ್ಚರ ಬೇಕು. ಕೆಲವದರಲ್ಲಿ ಕಟ್ಟಿದ ಮೂಗು ಬಿಡಿಸುವ ಸ್ಯೂಡೋಎಫೆಡ್ರಿನ್ ಅನ್ನುವ ಮದ್ದು ಇರುತ್ತೆ. ಪಂದ್ಯದ ಹೊತ್ತಿಗೆ ಆಟಗಾರರ ಮೂತ್ರದಲ್ಲಿ ಅದು ಮಿತಿ ಮೀರಿದರೆ ಡೋಪಿಂಗ್, ಅಂದರೆ ನಿಷೇಧಿತ ಮದ್ದು ಸೇವಿಸಿದ ಕೇಸು.

ಅವಳು ಮಂಡಿ ಸವರಿಕೊಂಡಳು. ಊದಿದ ಕಾಲಿಗೆ ಬ್ಯಾಂಡೇಜ್ ಸುತ್ತಿಕೊಂಡೇ ಆಡಿದ್ದಳಂತೆ.

"ಹಾಗಾದ್ರೆ ನನ್ನನ್ನೂ ಯಾರಾದ್ರೂ ತಡೀಬೇಕಿತ್ತು, ಅಲ್ವಾ?"

ಅಪ್ಪ ತಲೆ ತಗ್ಗಿಸಿದರು. ಇಬ್ಬರಿಗೂ ಸಮಾಧಾನ ಹೇಳಿದೆ. ಆದರೆ ಆ ಪ್ರಶ್ನೆ ಅವಳ ಬಾಯಿಂದಲೇ ಬಂದದ್ದು ನನಗೆ ಮುಖ್ಯ. ಆಟ ಕೈತಪ್ಪಿದ ನೋವು ಬೇರೆ, ವೈದ್ಯಕೀಯದ ಮೇಲಿನ ಒಲವು ಬೇರೆ. ಹದಿನೆಂಟರಲ್ಲಿ ಎರಡೂ ಒಂದೇ ಅನ್ನಿಸುತ್ತೆ.

ಕೋಚಿಂಗ್ ಫೀಸು ಕಟ್ಟುವ ಮುಂಚೆ ಒಂದೆರಡು ತಿಂಗಳು ಫಿಸಿಯೋ ಕ್ಲಿನಿಕ್‌ನಲ್ಲಿ ಕೂತು ನೋಡು ಅಂದೆ. ಅಲ್ಲಿ ಆಟಗಾರರಿಗಿಂತ ಮಂಡಿನೋವಿನ ಅಜ್ಜಿಯರೇ ಜಾಸ್ತಿ. ಅವರ ಜೊತೆಗೂ ತಾಳ್ಮೆ ಉಳಿದರೆ ನೀಟ್ ಇನ್ನೊಂದೇ ಸಲ ಬರಿ. ಸಿಗದಿದ್ದರೆ ಫಿಸಿಯೋಥೆರಪಿ ಡಿಗ್ರಿ ಬಿಪಿಟಿ ಸೇರಿ, ಮುಂದೆ ಅದರ ಸ್ನಾತಕೋತ್ತರ ಎಂಪಿಟಿಯಲ್ಲಿ ಸ್ಪೋರ್ಟ್ಸ್ ವಿಭಾಗ ತಗೋ.

"ಫಿಸಿಯೋ ಅಂದ್ರೆ ಕಡಿಮೆ ಆಯ್ತಲ್ವಾ ಮೇಡಂ?" ಅಂದರು ಅಪ್ಪ. ಕನಸು ಕುಗ್ಗಿಸ್ತೀರಿ ಅನ್ನುವ ದೂರು ನನಗೆ ಹೊಸದಲ್ಲ. ನಿಮ್ಮ ಮಗಳನ್ನು ಆಪರೇಷನ್ ಆದಮೇಲೆ ದಿನಾ ನಡೆಸಿದ್ದು ಯಾರು ಅಂತ ಅವರನ್ನೇ ಕೇಳಿದೆ.