ಬೈಯಬೇಕೋ, ಬಿಡಬೇಕೋ?

ಪ್ರಶ್ನೆ: ದ್ವಿತೀಯ ಪಿಯುಸಿ ಮುಗಿಸಿದ ಮಗ, ಗೆಳೆಯನೊಂದಿಗೆ ಮೊಬೈಲಿನಲ್ಲಿ ‘ಸೂಪರ್‌ಬ್ಯಾಡ್’ ಎಂಬ ಇಂಗ್ಲಿಷ್ ಸಿನಿಮಾ ನೋಡುತ್ತಿದ್ದ. ಕಿವಿ ಮುಚ್ಚಿಕೊಳ್ಳುವಂಥ ಮಾತುಗಳು. ಬೈಯಲೇ?
– ಒಬ್ಬ ತಾಯಿ, ತೀರ್ಥಹಳ್ಳಿ

ಉತ್ತರ: ಬೈಯಬೇಡಿ, ತಾಯಿ. ಮಾತು ಹೊಲಸು, ನಿಜ. ಹುಡುಗಿಯರ ಬಗೆಗಿನ ಕೆಲವು ಮಾತುಗಳನ್ನು ನನಗೂ ಸಹಿಸಲಾಗಲಿಲ್ಲ. ಅದನ್ನು ಮಗನಿಗೆ ನೇರವಾಗಿಯೇ ಹೇಳಿ. ಆದರೆ 2007ರ ಆ ಚಿತ್ರವನ್ನು ಬರೆದ ಸೇತ್ ರೋಗನ್ ಮತ್ತು ಇವಾನ್ ಗೋಲ್ಡ್‌ಬರ್ಗ್ ಬಾಲ್ಯದ ಗೆಳೆಯರು. ಬರೆಯತೊಡಗಿದಾಗ ಅವರಿಗೆ 13ರ ಆಸುಪಾಸು. ನಾಯಕರಿಬ್ಬರಿಗೂ ತಮ್ಮ ಹೆಸರನ್ನೇ ಇಟ್ಟರು. ಮದ್ಯ, ಪಾರ್ಟಿ, ಪೊಲೀಸರ ಗಲಾಟೆ ಎಲ್ಲವೂ ಮೇಲುಮೇಲಿನದು. ಒಳಗಿರುವುದು ಅಗಲಿಕೆಯ ಭಯ: ಒಬ್ಬನಿಗೆ ಸಿಕ್ಕಿದ ಕಾಲೇಜು ಇನ್ನೊಬ್ಬನಿಗೆ ಸಿಕ್ಕಿಲ್ಲ. ಸಾಗರದಲ್ಲಿ ಪಾಠ ಮಾಡುತ್ತಿದ್ದಾಗ ಇದನ್ನು ಕಣ್ಣಾರೆ ಕಂಡಿದ್ದೇನೆ. ಒಬ್ಬ ಶಿವಮೊಗ್ಗಕ್ಕೆ, ಇನ್ನೊಬ್ಬ ಬೆಂಗಳೂರಿಗೆ ಹೊರಡುವ ಮಳೆಗಾಲದಲ್ಲಿ ಗಂಡುಹುಡುಗರು ಜಗಳವಾಡುತ್ತಾರೆ, ಕೀಟಲೆ ಮಾಡುತ್ತಾರೆ. ‘ನೀನಿಲ್ಲದೆ ಬೇಸರ’ ಎಂದು ಮಾತ್ರ ಹೇಳುವುದಿಲ್ಲ. ನಿಮ್ಮ ಮಗನ ಗೆಳೆಯ ಮುಂದೆ ಎಲ್ಲಿ ಓದುತ್ತಾನೆ? ಮೊದಲು ಅದನ್ನು ಕೇಳಿ. ಒಂದು ರಾತ್ರಿ ಅವನನ್ನು ಊಟಕ್ಕೆ ಕರೆಯಿರಿ, ಅಲ್ಲೇ ಮಲಗಲು ಹೇಳಿ.