ಕೊಡವ ತಕ್ಕ್‌ಗೆ ಒಂದೇ ವಿಕಿ ಸಾಕು

ಕೊಡವ ತಕ್ಕ್, ಅಂದರೆ ಕೊಡವ ಭಾಷೆಯ ವಿಕಿಪೀಡಿಯಕ್ಕೆ ಯಾವ ಲಿಪಿ, ಮಡಿಕೇರಿ ಕಡೆಯ ಮಾತೋ ದಕ್ಷಿಣ ಕೊಡಗಿನ ಕಿಗ್ಗಟ್ಟುನಾಡಿನದೋ ಅಂತ ಕೇಳಿದ್ದೀರಿ. ಕನ್ನಡ ಲಿಪಿಯಲ್ಲೇ ಶುರು ಮಾಡಿ. 1924ರಲ್ಲಿ ಕೊಡವ ಜನಪದ ಹಾಡುಗಳ ಸಂಗ್ರಹ ‘ಪಟ್ಟೋಲೆ ಪಳಮೆ’ ಅಚ್ಚಾದದ್ದೂ ಅದರಲ್ಲೇ, ಓದಬಲ್ಲವರೂ ಜಾಸ್ತಿ. ಮುಂದೆ ಬೇರೆ ಲಿಪಿ ಬೇಕೆನಿಸಿದರೆ ಅದಕ್ಕೂ ದಾರಿ ಇದೆ. ಸರ್ಬಿಯನ್ ವಿಕಿಪೀಡಿಯದಲ್ಲಿ ಲೇಖನ ಒಂದೇ. ಓದುಗರು ಸಿರಿಲಿಕ್ ಅಥವಾ ಲ್ಯಾಟಿನ್ ಆರಿಸಿಕೊಂಡರೆ ತಂತ್ರಾಂಶವೇ ಬದಲಿಸಿ ತೋರಿಸುತ್ತದೆ. ಪಂಜಾಬಿಯಲ್ಲಿ ಹಾಗಲ್ಲ, ಗುರುಮುಖಿ ಲಿಪಿಗೆ ಒಂದು, ಶಾಹಮುಖಿ ಲಿಪಿಗೆ ಇನ್ನೊಂದು ವಿಕಿ. ನಮ್ಮಂಥ ಸಣ್ಣ ಭಾಷೆಯನ್ನು ಹಾಗೆ ಒಡೆದರೆ ಬರೆಯುವವರೇ ಸಾಲುವುದಿಲ್ಲ, ಅಲ್ವಾ?

ಮಾತಿನ ವ್ಯತ್ಯಾಸವನ್ನು ಮಾತ್ರ ಯಂತ್ರಕ್ಕೆ ಬಿಡಬೇಡಿ. ಲೇಖನ ಶುರು ಮಾಡಿದವರ ರೂಪವೇ ಅದರಲ್ಲಿ ಕೊನೆತನಕ ಇರಲಿ. ಇನ್ನೊಂದು ಕಡೆಯ ಹೆಸರಿನಲ್ಲಿ ಹುಡುಕಿದರೂ ಅದೇ ಪುಟ ಸಿಗುವಂತೆ ಪುನರ್ನಿರ್ದೇಶನ ಹಾಕಿ. ಸುಮ್ನೆ ಪದ ಬದಲಿಸುವವರನ್ನು ಮೊದಲು ಚರ್ಚೆ ಪುಟಕ್ಕೆ ಕರೆಯಿರಿ.