ಇನ್ನೊಂದು ಟೆಂಪ್ಲೇಟ್ ಸೇರಿಸಲು ಹೋಗಿ ಇದ್ದದ್ದೂ ಕಳಚಿತು

ಪ್ರಶ್ನೆ: ಎಂಜಿನಿಯರಿಂಗ್ ಕಾಲೇಜೊಂದರ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಹಾಸ್ಟೆಲ್, ಪ್ರಯೋಗಾಲಯ, ಗ್ರಂಥಾಲಯ ಎಲ್ಲ ಸೇರಿ 180 ಸ್ವಿಚ್‌ಗಳು ಜ್ಯಾಬಿಕ್ಸ್ ಎಂಬ ನಿಗಾ ತಂತ್ರಾಂಶದ ಕಣ್ಗಾವಲಿನಲ್ಲಿವೆ. ಪೋರ್ಟ್ ದೋಷಗಳನ್ನು ಎಣಿಸುವ ಸಣ್ಣ ಟೆಂಪ್ಲೇಟ್ (ಏನನ್ನು ಅಳೆಯಬೇಕು, ಯಾವಾಗ ಎಚ್ಚರಿಸಬೇಕು ಎಂಬ ಸಿದ್ಧ ಪಟ್ಟಿ) ಒಂದನ್ನು ನಾನೇ ಸಿದ್ಧಪಡಿಸಿದೆ. ಅದನ್ನು ಎಲ್ಲ ಸ್ವಿಚ್‌ಗಳಿಗೂ ಜೋಡಿಸಲು ಪೈಥಾನ್ ಸ್ಕ್ರಿಪ್ಟ್ ಬರೆದು, ಜ್ಯಾಬಿಕ್ಸ್‌ನ ಎಪಿಐ (ಬೇರೆ ಪ್ರೋಗ್ರಾಂಗಳು ಆಜ್ಞೆ ಕೊಡುವ ದಾರಿ) ಮೂಲಕ ‘ಹೋಸ್ಟ್.ಅಪ್‌ಡೇಟ್’ ಆಜ್ಞೆ ಕರೆದೆ. ಹೊಸದು ಬಂತು, ಆದರೆ ಮೊದಲಿದ್ದ ಟೆಂಪ್ಲೇಟ್‌ಗಳೆಲ್ಲ ಮಾಯವಾದವು. ಆರು ತಿಂಗಳ ಟ್ರಾಫಿಕ್ ದಾಖಲೆ ಹೋಯಿತೇ?
— ಓದುಗರು, ಧಾರವಾಡ

ಉತ್ತರ: ದಾಖಲೆ ಹೋಗಿಲ್ಲ, ಗಾಬರಿ ಬೇಡ. ಜ್ಯಾಬಿಕ್ಸ್‌ನಲ್ಲಿ ಟೆಂಪ್ಲೇಟ್ ಬಿಡಿಸುವುದು ಬೇರೆ, ಬಿಡಿಸಿ ಅಳಿಸುವುದು ಬೇರೆ. ‘ಹೋಸ್ಟ್.ಅಪ್‌ಡೇಟ್’ಗೆ ಕೊಟ್ಟ ಟೆಂಪ್ಲೇಟ್ ಪಟ್ಟಿಯಲ್ಲಿ ಇಲ್ಲದವು ಬರಿದೇ ಕಳಚಿಕೊಳ್ಳುತ್ತವೆ. ಅವು ತಂದ ಐಟಂಗಳು (ಅಳೆಯುವ ಅಂಶಗಳು), ಟ್ರಿಗರ್‌ಗಳು (ಎಚ್ಚರಿಕೆಯ ನಿಯಮಗಳು) ಹೋಸ್ಟ್‌ನಲ್ಲಿಯೇ, ಅಂದರೆ ನಿಗಾದಲ್ಲಿರುವ ಆ ಸ್ವಿಚ್‌ನಲ್ಲಿಯೇ, ಉಳಿಯುತ್ತವೆ ಮತ್ತು ಅಂಕಿ ಸಂಗ್ರಹವೂ ಮುಂದುವರಿಯುತ್ತದೆ. ಅಳಿಸಬೇಕೆಂದಿದ್ದರೆ ‘ಟೆಂಪ್ಲೇಟ್ಸ್_ಕ್ಲಿಯರ್’ ಎಂಬ ಬೇರೆಯೇ ಅಂಶವನ್ನು ನೀವು ಬರೆಯಬೇಕಿತ್ತು. ಯಾವುದಾದರೂ ಒಂದು ಸ್ವಿಚ್‌ನ ಐಟಂ ಪುಟ ತೆರೆಯಿರಿ. ಹಳೆಯ ಹೆಸರುಗಳೆಲ್ಲ ಅಲ್ಲಿಯೇ ಕಾಣುತ್ತವೆ. ಆದರೆ ಅವು ಈಗ ತಬ್ಬಲಿಗಳು: ಟೆಂಪ್ಲೇಟ್‌ನಲ್ಲಿ ನಾಳೆ ನೀವು ಎಚ್ಚರಿಕೆಯ ಮಿತಿ ಬದಲಿಸಿದರೆ ಅದು ಈ ಸ್ವಿಚ್‌ಗಳಿಗೆ ತಲುಪುವುದಿಲ್ಲ.

ತಪ್ಪು ನಡೆದದ್ದು ಎಲ್ಲಿ ಎಂದರೆ, ‘ಅಪ್‌ಡೇಟ್’ ಎಂಬ ಹೆಸರನ್ನು ನೀವು ‘ಸೇರಿಸು’ ಎಂದು ಓದಿಕೊಂಡಿರಿ. ಜ್ಯಾಬಿಕ್ಸ್ ಅದನ್ನು ‘ಇನ್ನು ಮುಂದೆ ಪಟ್ಟಿ ಇಷ್ಟೇ’ ಎಂದು ಓದುತ್ತದೆ. ಹೋಸ್ಟ್‌ನ ಗುಂಪುಗಳು, ಟ್ಯಾಗ್‌ಗಳು, ಮ್ಯಾಕ್ರೋಗಳಿಗೂ (ಹೆಸರಿಟ್ಟ ಮೌಲ್ಯಗಳು) ಇದೇ ನಿಯಮ. ನಾನೂ ಈ ಪೆಟ್ಟು ತಿಂದವನು. ಸಂಸ್ಥೆಯೊಂದರಲ್ಲಿ ಹೋಸ್ಟ್‌ಗಳನ್ನು ಹೊಸ ಗುಂಪಿಗೆ ಸೇರಿಸಲು ಹೊರಟು ಹಳೆಯ ಗುಂಪುಗಳಿಂದ ಹೊರಹಾಕಿಬಿಟ್ಟಿದ್ದೆ. ಯಾರು ಯಾವ ಹೋಸ್ಟ್ ನೋಡಬಹುದು ಎಂಬ ಅನುಮತಿ ನಿಂತಿರುವುದೇ ಗುಂಪಿನ ಮೇಲೆ. ರಾತ್ರಿ ಪಾಳಿಯವರ ಪರದೆ ಖಾಲಿಯಾಯಿತು. ಖಾಲಿ ಪರದೆ ನೋಡಿ ‘ಎಲ್ಲವೂ ಸರಿಯಾಗಿದೆ’ ಎಂದುಕೊಂಡು ಅವರು ಬೆಳಗಿನವರೆಗೆ ಕುಳಿತಿದ್ದರು. ಆ ರಾತ್ರಿಯ ನಂತರ, ಇದ್ದದ್ದನ್ನು ಮೊದಲು ಓದಿಕೊಳ್ಳದೆ ಬದಲಾವಣೆ ಬರೆಯುವ ಸ್ಕ್ರಿಪ್ಟನ್ನು ನಾನು ಯಾರಿಗೂ ಕೊಟ್ಟಿಲ್ಲ.

ಈಗ ಸರಿಪಡಿಸುವ ಬಗೆ. ಯಾವ ಮಾದರಿಯ ಸ್ವಿಚ್‌ಗೆ ಯಾವ ಟೆಂಪ್ಲೇಟ್ ಇತ್ತೆಂಬುದನ್ನು ಉಳಿದ ಐಟಂಗಳಿಂದಲೇ ಗುರುತಿಸಬಹುದು. ಸ್ಕ್ರಿಪ್ಟ್ ಯಾವ ಹೋಸ್ಟ್‌ಗಳಿಗೆ ಕೈ ಹಾಕಿತು ಎಂಬುದು ಆಡಿಟ್ ಲಾಗ್‌ನಲ್ಲಿದೆ (ಯಾರು ಏನು ಬದಲಿಸಿದರು ಎಂಬ ದಾಖಲೆ). ಸ್ವಿಚ್‌ಗಳನ್ನು ಮಾದರಿವಾರು ವಿಂಗಡಿಸಿ ‘ಹೋಸ್ಟ್.ಮಾಸ್‌ಆ್ಯಡ್’ ಬಳಸಿ. ಅದು ಇದ್ದದ್ದನ್ನು ಮುಟ್ಟದೆ ಹೊಸದನ್ನಷ್ಟೇ ಜೋಡಿಸುತ್ತದೆ, ಒಂದೇ ಕರೆಯಲ್ಲಿ ಹಲವು ಹೋಸ್ಟ್‌ಗಳಿಗೆ. ಟೆಂಪ್ಲೇಟ್ ಮರಳಿ ಜೋಡಿಸಿದಾಗ ಅದೇ ಕೀ (ಐಟಂನ ಗುರುತಿನ ಹೆಸರು) ಇರುವ ತಬ್ಬಲಿ ಐಟಂಗಳನ್ನು ಟೆಂಪ್ಲೇಟ್ ತನ್ನದಾಗಿಸಿಕೊಳ್ಳುತ್ತದೆ, ಹಳೆಯ ಅಂಕಿಗಳು ಅದರೊಂದಿಗೇ ಇರುತ್ತವೆ. ಒಂದು ಸ್ವಿಚ್‌ಗೆ ಮಾತ್ರ ನೀವು ಪ್ರತ್ಯೇಕವಾಗಿ ಮಾಡಿಕೊಂಡಿದ್ದ ಬದಲಾವಣೆಗಳಿದ್ದರೆ ಅವು ಟೆಂಪ್ಲೇಟ್‌ನಲ್ಲಿರುವಂತೆ ಬದಲಾಗುತ್ತವೆ, ಅವನ್ನು ಮೊದಲೇ ಬರೆದಿಟ್ಟುಕೊಳ್ಳಿ. ಒಂದೇ ಕೀ ಎರಡು ಟೆಂಪ್ಲೇಟ್‌ಗಳಲ್ಲಿದ್ದರೆ ಜೋಡಣೆಯೇ ಆಗುವುದಿಲ್ಲ, ಆಗ ನಿಮ್ಮ ಸಣ್ಣ ಟೆಂಪ್ಲೇಟ್‌ನ ಕೀ ಬದಲಿಸಿ. ಮೊದಲು ಒಂದೇ ಸ್ವಿಚ್, ಅದರ ಗ್ರಾಫ್ ನೋಡಿದ ಮೇಲೆ ಹತ್ತು, ಆಮೇಲೆ ಉಳಿದವು.

ಮುಂದಿನ ಸಲ ಯಾವುದೇ ಬದಲಾವಣೆಗೆ ಮುನ್ನ ‘ಹೋಸ್ಟ್.ಗೆಟ್’ ಕರೆಯಿರಿ. ಅದಕ್ಕೆ ‘ಸೆಲೆಕ್ಟ್‌ಪೇರೆಂಟ್‌ಟೆಂಪ್ಲೇಟ್ಸ್’ ಸೇರಿಸಿದರೆ ಪ್ರತಿ ಹೋಸ್ಟ್‌ಗೆ ಜೋಡಿಸಿದ ಟೆಂಪ್ಲೇಟ್‌ಗಳ ಪಟ್ಟಿ ಸಿಗುತ್ತದೆ. ಅದನ್ನು ದಿನಾಂಕ ಹಾಕಿ ಫೈಲಿನಲ್ಲಿ ಉಳಿಸಿ. ಆ ಫೈಲ್ ಇದ್ದಿದ್ದರೆ ಇಂದು ನೀವು ನನಗೆ ಬರೆಯಬೇಕಾಗಿರಲಿಲ್ಲ.

ಪ್ರಶ್ನೆ: ಭಾನುವಾರ ಬೆಳಿಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ ವಿದ್ಯುತ್ ಇರುವುದಿಲ್ಲವೆಂದು ‘ಮೇಂಟೆನನ್ಸ್.ಕ್ರಿಯೇಟ್’ ಮೂಲಕ ನಿರ್ವಹಣಾ ಅವಧಿ ಹಾಕಿದ್ದೆ. ಆರಂಭ, ಅಂತ್ಯ ಎರಡೂ ಸರಿಯಿತ್ತು. ಆದರೂ 10 ಗಂಟೆಗೆ ಸರಿಯಾಗಿ ಎಚ್ಚರಿಕೆ ಸಂದೇಶಗಳ ಮಳೆ ಸುರಿಯಿತು.
— ಓದುಗರು, ಶಿವಮೊಗ್ಗ

ಉತ್ತರ: ‘10ಕ್ಕೆ ಸರಿಯಾಗಿ’ ಎಂಬ ನಿಮ್ಮ ಮಾತಿನಲ್ಲೇ ಉತ್ತರವಿದೆ. ನಿರ್ವಹಣೆಗೆ ಎರಡು ಅಳತೆಗಳಿವೆ. ‘ಆ್ಯಕ್ಟಿವ್_ಸಿನ್ಸ್’ ಮತ್ತು ‘ಆ್ಯಕ್ಟಿವ್_ಟಿಲ್’ ಹೊರಗಿನ ಬೇಲಿ. ಬೇಲಿಯೊಳಗೆ ನಿಜವಾಗಿ ಎಷ್ಟು ಹೊತ್ತು ಸಂದೇಶ ತಡೆಹಿಡಿಯಬೇಕು ಎಂಬುದನ್ನು ಹೇಳುವುದು ‘ಟೈಮ್‌ಪೀರಿಯಡ್ಸ್’ ಒಳಗಿನ ‘ಪೀರಿಯಡ್’. ಅದನ್ನು ಬಿಟ್ಟರೆ ಜ್ಯಾಬಿಕ್ಸ್ 3600 ಸೆಕೆಂಡ್ ಎಂದುಕೊಳ್ಳುತ್ತದೆ, ಅಂದರೆ ಒಂದು ಗಂಟೆ. ನಿಮ್ಮ ಆರು ಗಂಟೆಗೆ 21600 ಎಂದು ಬರೆಯಬೇಕು. ಅವಧಿ ಮುಗಿದೊಡನೆ, ತಡೆಹಿಡಿದಿದ್ದ ಸಮಸ್ಯೆಗಳು ಇನ್ನೂ ಬಾಕಿ ಇದ್ದುದರಿಂದ ಸಂದೇಶಗಳು ಒಟ್ಟಿಗೆ ಹೊರಟವು.

ಇನ್ನೊಂದು ಬಲೆ ‘ಸ್ಟಾರ್ಟ್_ಡೇಟ್’. ಬಿಟ್ಟರೆ ಸ್ಕ್ರಿಪ್ಟ್ ಓಡಿಸಿದ ದಿನವೇ ಆರಂಭವಾಗುತ್ತದೆ. ಶುಕ್ರವಾರ ಓಡಿಸಿ ಭಾನುವಾರ ನೆಮ್ಮದಿಯಿಂದ ಇರಲಾಗದು. ಈ ವೇಳೆಗಳೆಲ್ಲ ಯೂನಿಕ್ಸ್ ಸೆಕೆಂಡ್‌ಗಳಲ್ಲಿ (1970ರ ಜನವರಿ 1ರಿಂದ ಎಣಿಸಿದ ಸೆಕೆಂಡ್‌ಗಳು) ಇರಬೇಕು. ಸ್ಕ್ರಿಪ್ಟ್ ಓಡುವ ಯಂತ್ರದ ಗಡಿಯಾರ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿದ್ದರೆ ‘ಬೆಳಿಗ್ಗೆ 9’ ಎಂದು ನೀವು ಬರೆದದ್ದು ನಮ್ಮಲ್ಲಿ ಮಧ್ಯಾಹ್ನ 2.30 ಆಗುತ್ತದೆ. ಪೈಥಾನ್‌ನಲ್ಲಿ ಏಷ್ಯಾ/ಕೋಲ್ಕತಾ ವಲಯವನ್ನು ಬಾಯಿಬಿಟ್ಟು ಹೇಳಿ, ಊಹೆಗೆ ಬಿಡಬೇಡಿ.

ಪ್ರಶ್ನೆ: 5.0 ಆವೃತ್ತಿಯಿಂದ 7.2ಕ್ಕೆ ಬಂದೆವು. ಹಳೆಯ ಸ್ಕ್ರಿಪ್ಟ್‌ಗಳು ದೋಷ ತೋರಿಸುತ್ತಿಲ್ಲ, ಕೆಲಸವನ್ನೂ ಮಾಡುತ್ತಿಲ್ಲ.
— ಓದುಗರು, ಮೈಸೂರು

ಉತ್ತರ: ದೋಷ ಬರುತ್ತಿದೆ, ನಿಮ್ಮ ಸ್ಕ್ರಿಪ್ಟ್ ನೋಡುತ್ತಿಲ್ಲ. ಜ್ಯಾಬಿಕ್ಸ್ ಎಪಿಐ ಜೆಸನ್-ಆರ್‌ಪಿಸಿ 2.0 ಎಂಬ ವಿನಂತಿ-ಉತ್ತರ ಪದ್ಧತಿಯದು. ವಿನಂತಿ ತಪ್ಪಾಗಿದ್ದರೂ ‘ಸರಿಯಾಗಿದೆ’ ಎಂಬರ್ಥದ ಎಚ್‌ಟಿಟಿಪಿ ಸಂಖ್ಯೆ 200 ಎಂದೇ ಬರುತ್ತದೆ, ತಪ್ಪಿನ ವಿವರ ಉತ್ತರದ ಒಳಗೆ ‘ಎರರ್’ ಎಂಬಲ್ಲಿ ಇರುತ್ತದೆ. 200 ಕಂಡು ಮುಂದೆ ಹೋಗುವ ಸ್ಕ್ರಿಪ್ಟ್‌ಗೆ ಅದು ಕಾಣುವುದೇ ಇಲ್ಲ. ಪ್ರತಿ ಕರೆಯ ನಂತರ ‘ಎರರ್’ ಇದೆಯೇ ಎಂದು ನೋಡಿ, ಇದ್ದರೆ ಅಲ್ಲಿಯೇ ನಿಲ್ಲಿಸಿ.

ನಿಮ್ಮ ವಿಷಯದಲ್ಲಿ ಲಾಗಿನ್ನೇ ಬಿದ್ದಿರಬೇಕು. ‘ಯೂಸರ್.ಲಾಗಿನ್’ನಲ್ಲಿ ‘ಯೂಸರ್’ ಎಂಬ ಅಂಶ 5.4ರಲ್ಲಿ ‘ಯೂಸರ್‌ನೇಮ್’ ಆಯಿತು. 6.4ರಲ್ಲಿ ಹಳೆಯ ಹೆಸರನ್ನು ತೆಗೆದುಹಾಕಿದರು. ವಿನಂತಿಯೊಳಗೆ ‘ಆಥ್’ (ಲಾಗಿನ್ ಗುರುತು) ಕಳಿಸುವ ಕ್ರಮವೂ 7.2ರಲ್ಲಿ ನಿಂತಿತು. ಈಗ ಅದು ‘ಆಥರೈಸೇಷನ್: ಬೇರರ್’ ಎಂಬ ಹೆಡರ್‌ನಲ್ಲಿ ಹೋಗಬೇಕು. ಹೇಗೂ ಕೈ ಹಾಕಿದ್ದೀರಿ, ಪಾಸ್‌ವರ್ಡ್ ಬರೆದಿಡುವ ಅಭ್ಯಾಸವನ್ನೇ ಬಿಟ್ಟು ಎಪಿಐ ಟೋಕನ್ (ಪಾಸ್‌ವರ್ಡ್ ಬದಲು ಬಳಸುವ ಗುರುತಿನ ಸಂಕೇತ) ಮಾಡಿಕೊಳ್ಳಿ. ನಿಮಿಷಕ್ಕೊಮ್ಮೆ ಲಾಗಿನ್ ಆಗಿ ಲಾಗ್‌ಔಟ್ ಆಗದ ಸ್ಕ್ರಿಪ್ಟ್ ಡೇಟಾಬೇಸಿನಲ್ಲಿ ಸೆಷನ್‌ಗಳ ರಾಶಿ ಹಾಕುತ್ತದೆ, ಟೋಕನ್‌ಗೆ ಆ ರಗಳೆಯಿಲ್ಲ. ಟೋಕನ್ನಿಗೆ ಅವಧಿ ಮಿತಿ ಹಾಕಿ. ಅದು ಸೂಪರ್ ಅಡ್ಮಿನ್ ಖಾತೆಯದಾಗಿರಬಾರದು. ಪ್ರತ್ಯೇಕ ಬಳಕೆದಾರನನ್ನು ರಚಿಸಿ, ಅವನ ರೋಲ್‌ನಲ್ಲಿ (ಅನುಮತಿಗಳ ಪಟ್ಟಿ) ಅಗತ್ಯವಾದ ಮೆಥಡ್‌ಗಳಿಗೆ, ಅಂದರೆ ಆಜ್ಞೆಗಳಿಗೆ ಮಾತ್ರ ಅನುಮತಿ ಕೊಡಿ. ವರದಿ ತೆಗೆಯುವ ಸ್ಕ್ರಿಪ್ಟ್‌ಗೆ ‘ಗೆಟ್’ಗಳಷ್ಟೇ ಸಾಕು.

ಪ್ರಶ್ನೆ: ‘ಹಿಸ್ಟರಿ.ಗೆಟ್’ಗೆ ಸಿಪಿಯು ಬಳಕೆಯ ಐಟಂ ಸಂಖ್ಯೆ ಕೊಟ್ಟರೆ ಖಾಲಿ ಪಟ್ಟಿ ಬರುತ್ತದೆ. ಗ್ರಾಫಿನಲ್ಲಿ ಅಂಕಿಗಳಿವೆಯಲ್ಲ?
— ಓದುಗರು, ಕಲಬುರಗಿ

ಉತ್ತರ: ನೀವು ಬೇರೆ ಕಪಾಟು ತೆರೆದಿದ್ದೀರಿ. ‘ಹಿಸ್ಟರಿ’ ಅಂಶ ಕೊಡದಿದ್ದರೆ 3, ಅಂದರೆ ಪೂರ್ಣಾಂಕಗಳಲ್ಲಿ ಹುಡುಕುತ್ತದೆ. ಸಿಪಿಯು ಬಳಕೆ ದಶಮಾಂಶದ್ದು, ಅದಕ್ಕೆ 0 ಕೊಡಿ. ಯಾವ ಐಟಂ ಯಾವ ಬಗೆಯದು ಎಂಬುದನ್ನು ‘ಐಟಂ.ಗೆಟ್’ನ ‘ವ್ಯಾಲ್ಯೂ_ಟೈಪ್’ ಹೇಳುತ್ತದೆ. ಅಲ್ಲಿ ಬಂದ ಸಂಖ್ಯೆಯನ್ನೇ ಇಲ್ಲಿ ಬಳಸಿ. ತಿಂಗಳುಗಟ್ಟಲೆ ಹಿಂದಿನದು ಬೇಕಿದ್ದರೆ ‘ಟ್ರೆಂಡ್.ಗೆಟ್’ ಕರೆಯಿರಿ. ಅಲ್ಲಿ ಗಂಟೆಗೊಂದರಂತೆ ಕನಿಷ್ಠ, ಸರಾಸರಿ, ಗರಿಷ್ಠ ಸಿಗುತ್ತವೆ.